12 ಸಾವಿರದಲ್ಲಿ ಹಳೇ ಹೆಂಚಿನ ಮನೆ ಜಗುಲಿ, 4 ಸಾವಿರದಲ್ಲಿ ಊರಿನ ಬಸ್ ಸ್ಟಾಪ್: ಹೇಗೆ ಚಂದ ಮಾಡೋದು?

ಹೊಸನಗರ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಮಾವನವರ ಅಪ್ಪ ಕಟ್ಟಿಸಿದ ಮನೆ. ಕೆಂಪು ಕಲ್ಲಿನ ಗೋಡೆ, ಮಂಗಳೂರು ಹೆಂಚು, ಮುಂದೆ ಉದ್ದಕ್ಕೆ ಜಗುಲಿ, ಕಾವಿ ನೆಲ. ಮೇ ತಿಂಗಳ ಮೊದಲ ವಾರ ನಾದಿನಿಯ ನಿಶ್ಚಿತಾರ್ಥ ಇದೆ, ಮನೆಯಲ್ಲೇ ಮಾಡುತ್ತೇವೆ. ಛತ್ರ ಬೇಡ, ನಾನು ಆಡಿ ಬೆಳೆದ ಜಗುಲಿಯಲ್ಲೇ ಆಗಲಿ ಅಂತ ಅವಳೇ ಹೇಳಿದಳು. ನನಗೂ ಅದೇ ಇಷ್ಟ.

ಆದರೆ ಈಗ ಜಗುಲಿ ನೋಡಿದರೆ ಬೇಜಾರಾಗುತ್ತದೆ. ಮೂರು ವರ್ಷದ ಹಿಂದೆ ಒಬ್ಬ ಪೇಂಟರ್ ಬಂದು, ಸುಣ್ಣ ಹಳೇ ಕಾಲದ್ದು, ಇದು ತೊಳೆಯೋಕೆ ಬರುತ್ತೆ ಅಂತ ಹೇಳಿ ಪ್ಲಾಸ್ಟಿಕ್ ಪೇಂಟ್ ಬಳಿದು ಹೋದರು. ಒಂದೇ ಮಳೆಗಾಲಕ್ಕೆ ಗೋಡೆ ತುಂಬ ಗುಳ್ಳೆ ಎದ್ದಿತು. ಈಗ ಕೆಳಗಿನ ಎರಡು ಮೂರು ಅಡಿ ಹಪ್ಪಳದ ಹಾಗೆ ಸುಲಿದು ಬರುತ್ತಿದೆ, ಮೂಲೆಗಳಲ್ಲಿ ಕಪ್ಪು ಬೂಸ್ಟು. ಒಳಗಿನ ನಡುಮನೆಯಲ್ಲಿ ಹಗಲಲ್ಲೂ ಲೈಟ್ ಹಾಕಬೇಕು, ಅಷ್ಟು ಕತ್ತಲೆ. ನೆಲ ಹೊಳಪೇ ಇಲ್ಲದೆ ಮಂಕಾಗಿದೆ.

ಎಲೆಚುಕ್ಕಿ ರೋಗ ಬಂದು ಈ ಸಲ ಅಡಿಕೆ ಫಸಲು ಕಮ್ಮಿ. ಹಾಗಾಗಿ ಮನೆಗೆ ಅಂತ ತೆಗೆದಿಟ್ಟಿರುವುದು 12 ಸಾವಿರ ಮಾತ್ರ. ಕೆಲಸಕ್ಕೆ ನಾನು, ಮೈದುನ, ನಾದಿನಿ ಮೂರು ಜನ ಇದ್ದೇವೆ. ಅತ್ತೆಯವರ ಒಂದು ಟ್ರಂಕ್ ತುಂಬ ಹಳೇ ಹತ್ತಿ ಸೀರೆ ಇವೆ, ಕೊಟ್ಟಿಗೆ ಅಟ್ಟದ ಮೇಲೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಇದೆ, ತಳ ತೂತಾದ ಎರಡು ತಾಮ್ರದ ಹಂಡೆ ಇವೆ.

ಇನ್ನೊಂದು ವಿಷಯ. ನಮ್ಮ ಸ್ತ್ರೀಶಕ್ತಿ ಸಂಘದವರು ಊರಿನ ಬಸ್ ಸ್ಟಾಪ್ ಸರಿ ಮಾಡಬೇಕು ಅಂತ 4 ಸಾವಿರ ಕೂಡಿಸಿದ್ದೇವೆ. ಮೂರು ಗೋಡೆ, ಮೇಲೆ ಆರ್‌ಸಿಸಿ, ಒಂದು ಸಿಮೆಂಟ್ ಕಟ್ಟೆ, ಅಷ್ಟೇ. ಗೋಡೆ ತುಂಬ ಹರಿದ ಪೋಸ್ಟರ್, ಮೂಲೆಯಲ್ಲಿ ಎಲೆಅಡಿಕೆ ಉಗುಳು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಇಪ್ಪತ್ತು ಮಕ್ಕಳು ಅಲ್ಲಿ ಕಾಯುತ್ತಾರೆ. ಮಳೆಗಾಲದಲ್ಲೂ ಒಳಗೆ ಕಾಲಿಡದೆ ಕೊಡೆ ಹಿಡಿದು ಹೊರಗೇ ನಿಲ್ಲುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಜಗುಲಿ ಗೋಡೆಗೆ ಅಂಟಿಸುವ ಫೋಮ್ ಶೀಟ್ ತರಿಸೋಣ ಅಂತ ನನ್ನ ತಂಗಿ ಹೇಳುತ್ತಿದ್ದಾಳೆ. ಕಾಡಿಗೆ ಹೋಗಿ ಬಳ್ಳಿ, ಒಣಕೊಂಬೆ, ಪಾಚಿ ತಂದು ಮಂಟಪ ಮಾಡೋಣ ಅಂತ ಮೈದುನ. ಬಸ್ ಸ್ಟಾಪಿಗೆ, ಮದುವೆ ಮನೆ ಗೋಡೆಗೆ ಬರೆಯುತ್ತಾರಲ್ಲ, ಆ ಹಸೆ ಚಿತ್ತಾರ ಬರೆಸೋಣ, ಫೋನಿನಲ್ಲಿ ನೋಡಿಕೊಂಡು ನಾವೇ ಬರೆಯಬಹುದು ಅಂತ ಸಂಘದಲ್ಲಿ ಮಾತಾಯಿತು. ತಿಳಿದವರು ಹೇಳಿ, ಯಾವುದು ಸರಿ, ಯಾವುದು ಬೇಡ?

ಗಾರೆ ಕೆಲಸ, ತೀರ್ಥಹಳ್ಳಿ

ತಂಗಿ, ಫೋಮ್ ಶೀಟ್ ಮಾತ್ರ ತರಿಸಬೇಡಿ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ. ಒದ್ದೆ ಗೋಡೆಗೆ ಅದನ್ನು ಅಂಟಿಸಿದರೆ ಒಳಗೊಳಗೇ ಬೂಸ್ಟು ಬೆಳೆಯುತ್ತದೆ, ಹೊರಗೆ ಏನೂ ಕಾಣಲ್ಲ. ಎರಡನೇ ಮಳೆಗಾಲಕ್ಕೆ ಶೀಟ್ ತಾನೇ ಕಳಚಿ ಬಿದ್ದಾಗ ಹಿಂದಿನ ಗಾರೆಯೂ ಜೊತೆಗೆ ಬರುತ್ತದೆ. ನಾನು ಇಂಥ ಮೂರು ಮನೆ ರಿಪೇರಿ ಮಾಡಿದ್ದೇನೆ.

ನಮ್ಮ ಕಡೆ ಗೋಡೆ ಚಂದ ಮಾಡಬೇಕು ಅಂದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಬೇಕು. ಹಾಲಿನ ಪ್ಯಾಕೆಟ್ ಕತ್ತರಿಸಿ ಒಣಗಿಸಿ, ಅಂಗೈ ಎರಡರಷ್ಟು ಅಗಲದ ಪ್ಲಾಸ್ಟಿಕ್ ತುಂಡನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ. ಎರಡು ದಿನ ಬಿಡಿ. ಗೋಡೆ ಕಡೆಯ ಮೈಗೆ ನೀರಿನ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ ಅಂತ. ಹೊರ ಮೈಗೆ ಕೂತಿದ್ದರೆ ಅದು ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಅರ್ಧ ಕಮ್ಮಿ ಆಗುತ್ತದೆ. ಬೇಸಿಗೆಯಲ್ಲೂ ಗೋಡೆಯೊಳಗಿಂದ ಬರುತ್ತಿದ್ದರೆ ಅಂಗಳದ ಮಣ್ಣು ಏರಿ ಜಗುಲಿಯ ಬುಡಕ್ಕೆ ಬಂದಿದೆಯಾ ನೋಡಿ. ಹಳೇ ಮನೆಗಳಲ್ಲಿ ಹೀಗೆ ಆಗಿಯೇ ಇರುತ್ತದೆ, ವರ್ಷ ವರ್ಷ ಮಣ್ಣು ಹಾಕಿ ಹಾಕಿ. ಬುಡದಿಂದ ಒಂದಡಿ ಅಗಲಕ್ಕೆ ಮಣ್ಣು ತೆಗೆದು ನೀರು ಆಚೆ ಹರಿಯುವ ಹಾಗೆ ಮಾಡಿ. ಇದಕ್ಕೆ ಖರ್ಚಿಲ್ಲ, ಗುದ್ದಲಿ ಕೆಲಸ.

ಆಮೇಲೆ ಆ ಪ್ಲಾಸ್ಟಿಕ್ ಪೇಂಟ್ ಪೂರ್ತಿ ಕೆರೆದು ತೆಗೆಯಬೇಕು. ಬೇಜಾರಿನ ಕೆಲಸ, ಮೂರು ಜನ ಕೂತರೆ ನಾಲ್ಕೈದು ದಿನ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಗಟ್ಟಿ ಹಿಡಿದಿರುವ ಕಡೆಯೂ ಬಿಡಬೇಡಿ, ಪೇಂಟಿನ ಮೇಲೆ ಸುಣ್ಣ ಕೂರುವುದಿಲ್ಲ. ಗಾರೆ ಉದುರಿದ ಕಡೆ ಸಿಮೆಂಟ್ ಮೆತ್ತಬೇಡಿ, ಸುಣ್ಣ ಒಂದು ಪಾಲು ಮರಳು ಮೂರು ಪಾಲು ಕಲಸಿ ಹಚ್ಚಿ. ಸಿಮೆಂಟ್ ತೇವವನ್ನು ಒಳಗೇ ಹಿಡಿದು ಪಕ್ಕದ ಗಾರೆಗೆ ದೂಡುತ್ತದೆ.

ಆಮೇಲೆ ಸುಣ್ಣ. ಪೇಂಟಿನ ಹಾಗೆ ಅದು ಗೋಡೆಯ ಬಾಯಿ ಮುಚ್ಚುವುದಿಲ್ಲ, ಒಳಗಿನ ತೇವ ಆರಿ ಹೋಗಲು ಬಿಡುತ್ತದೆ. ಸುಣ್ಣದ ಖಾರಕ್ಕೆ ಬೂಸ್ಟೂ ಸುಲಭಕ್ಕೆ ಹತ್ತುವುದಿಲ್ಲ. ಗಟ್ಟಿ ಸುಣ್ಣ, ಅಂದರೆ ಇನ್ನೂ ನೀರು ತಾಗದ ಸುಣ್ಣದ ಕಲ್ಲು, ತಂದರೆ ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿಸಿ ಅದಕ್ಕೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಕೊತಕೊತ ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ತಡೆಯಲ್ಲ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಕಣ್ಣಿಗೆ ಬಿದ್ದರೆ ಧಾರೆಯಾಗಿ ನೀರು ಹಾಕಿ ತೊಳೆಯುತ್ತಲೇ ಇರಬೇಕು, ಹಾಗೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳನ್ನು ಆ ದಿನ ಹತ್ತಿರ ಬಿಡಬೇಡಿ.

ಎರಡು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಸ್ವಲ್ಪ ಫೆವಿಕಾಲ್ ಸೇರಿಸಿ. ಬಿಳುಪು ಎದ್ದು ಕಾಣಲಿ ಅಂದರೆ ಚಿಟಿಕೆ ನೀಲಿ. ಗೋಡೆಗೆ ಮೊದಲು ನೀರು ಚಿಮುಕಿಸಿ ಆಮೇಲೆ ಬಳಿಯಿರಿ. ಹಚ್ಚುವಾಗ ಏನೂ ಕಾಣಲ್ಲ, ನೀರು ಬಳಿದ ಹಾಗೆ ಇರುತ್ತದೆ. ಹೆದರಿ ದಪ್ಪ ಮಾಡಬೇಡಿ. ಆರಿದ ಮೇಲೆ ಬೆಳ್ಳಗಾಗುತ್ತದೆ. ದಪ್ಪ ಹಚ್ಚಿದರೆ ಬಿರುಕು ಬಿಟ್ಟು ಉದುರುತ್ತದೆ. ದಿನಕ್ಕೊಂದರಂತೆ ಮೂರು ಸಲ ತೆಳ್ಳಗೆ.

ಕೆಳಗಿನ ಮೂರಡಿಗೆ ಕೆಮ್ಮಣ್ಣು. ನಮ್ಮ ಹಿರಿಯರು ಅಲ್ಲಿಗೆ ಕೆಂಪು ಬಳಿಯುತ್ತಿದ್ದದ್ದು ಸುಮ್ನೆ ಅಲ್ಲ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುವ ಕೆಂಪು ಕೆಸರು ಕೆಂಪು ಗೋಡೆಯ ಮೇಲೆ ಕಾಣುವುದೇ ಇಲ್ಲ. ನಿಮ್ಮ ಧರೆಯ, ಅಂದರೆ ಮಣ್ಣಿನ ದಿಬ್ಬದ, ಮಣ್ಣೇ ಸಾಕು. ಒಣಗಿಸಿ ಕುಟ್ಟಿ, ವಸ್ತ್ರದಲ್ಲಿ ಗಾಳಿಸಿ, ರಾತ್ರಿ ನೆನೆಹಾಕಿ, ಅಂಟು ಸೇರಿಸಿ ಬಳಿಯಿರಿ. ಅಂಟಿಗೆ ಗಂಜಿ ಬೇಡ. ಬಿಸಿಲು ಸೀಮೆಯಲ್ಲಿ ನಡೆಯುತ್ತದೆ, ನಮ್ಮ ಮಳೆಗೆ ಗಂಜಿ ಇದ್ದಲ್ಲಿ ಬೂಸ್ಟು ಗ್ಯಾರಂಟಿ. ಮೇಲಿನ ಗೋಡೆಗೂ ಬಣ್ಣ ಬೇಕು ಅಂದರೆ ಸುಣ್ಣದ ಹಾಲಿಗೆ ಸ್ವಲ್ಪವೇ ಕೆಮ್ಮಣ್ಣು ಹಾಕಿ, ತಿಳಿ ಇಟ್ಟಿಗೆ ಬಣ್ಣ ಬರುತ್ತದೆ. ಜಾಸ್ತಿ ಆದರೆ ಕೈಗೆ ಪುಡಿ ಹತ್ತುತ್ತದೆ.

ಸುಣ್ಣ, ಅಂಟು, ಕುಂಚ, ಕೆರೆಯುವ ಪಟ್ಟಿ ಎಲ್ಲ ಸೇರಿ ನಿಮ್ಮ ಜಗುಲಿಗೆ ಎರಡು ಎರಡೂವರೆ ಸಾವಿರ ಆಗಬಹುದು. ಬಸ್ ಸ್ಟಾಪಿಗೂ ಇದೇ ಸುಣ್ಣ ಬಳಿಯಿರಿ, ಬೇರೆ ಏನೂ ಬೇಡ.

ಸಾಗರದ ಟೀಚರ್

ಮೇಲಿನವರು ಹೇಳಿದ್ದರಲ್ಲಿ ಕೊನೇ ಸಾಲು ಬಿಟ್ಟು ಎಲ್ಲ ಒಪ್ಪುತ್ತೇನೆ ಅಣ್ಣ. ಬಸ್ ಸ್ಟಾಪಿಗೆ ಕೆಳಗಿನಿಂದ ಸುಣ್ಣ ಬೇಡ. ನಮ್ಮ ಶಾಲೆಯ ವರಾಂಡಕ್ಕೆ ಒಂದು ವರ್ಷ ಬಳಿಸಿದ್ದೆವು. ಗೋಡೆಗೆ ಒರಗಿದ ಮಕ್ಕಳೆಲ್ಲರ ಬೆನ್ನು, ಬ್ಯಾಗು ಬೆಳ್ಳಗೆ. ನೀಲಿ ಯೂನಿಫಾರ್ಮ್ ಒಗೆದು ಒಗೆದು ತಾಯಂದಿರಿಗೆ ಸಾಕಾಯಿತು. ಕಾಯುವ ಜಾಗದಲ್ಲಿ ಜನ ಒರಗಿಯೇ ಒರಗುತ್ತಾರೆ. ಅದಕ್ಕೆ ಭುಜದ ಎತ್ತರದವರೆಗೆ ಸಿಮೆಂಟ್ ಪೇಂಟ್, ಗಾಢ ಕೆಂಪು ಬಣ್ಣದ್ದು. ಅದರ ಮೇಲೆ ಮತ್ತು ಚಾವಣಿಯ ಒಳಮೈಗೆ ಬಿಳಿ ಸುಣ್ಣ. ಚಾವಣಿ ಬೆಳ್ಳಗಿದ್ದರೆ ಮೋಡದ ದಿನವೂ ಒಳಗೆ ಬೆಳಕು ಚೆನ್ನಾಗಿ ಹರಡುತ್ತದೆ. ಕತ್ತಲೆ ಇದ್ದದ್ದಕ್ಕೇ ನಿಮ್ಮೂರ ಮಕ್ಕಳು ಹೊರಗೆ ನಿಲ್ಲುತ್ತಿರಬಹುದು, ಅಲ್ವಾ? ಸಿಮೆಂಟ್ ಪೇಂಟ್ ಪುಡಿಯನ್ನು ನೀರಿಗೆ ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ, ಒಂದೆರಡು ಗಂಟೆಗೆ ಆಗುವಷ್ಟೇ ಕಲಸಿ. ಹಚ್ಚಿದ ಮರುದಿನ ಗೋಡೆಗೆ ನೀರು ಚಿಮುಕಿಸಿದರೆ ಗಟ್ಟಿಯಾಗಿ ಕೂರುತ್ತದೆ.

ಈಗ ಚಿತ್ತಾರದ ವಿಷಯ. ನನ್ನ ದೊಡ್ಡಮ್ಮ ಚಿತ್ತಾರ ಬರೆಯುವವರು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ದಯವಿಟ್ಟು ಫೋನ್ ನೋಡಿ ನೀವೇ ಬರೆಯಬೇಡಿ.

ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂದಾಗ ಹಸೆ ಹಾಕುವ ಗೋಡೆಗೆ ಅದನ್ನು ಬರೆಯುತ್ತಾರೆ. ಮದುಮಕ್ಕಳು ಕೂರುವ ಜಾಗ ಅದು. ಅದಕ್ಕೇ ಹಸೆಗೋಡೆ ಚಿತ್ತಾರ ಅನ್ನುವುದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ನೆನೆಸಿ ರುಬ್ಬಿದ ಬಿಳಿ. ಅಕ್ಕಿಯನ್ನು ಕರ್ರಗಾಗುವವರೆಗೆ ಹುರಿದು ಅರೆದ ಕಪ್ಪು. ಗುರುಗೆ ಕಾಯಿಯಿಂದ ತೆಗೆದ ಹಳದಿ. ಕುಂಚ ಅಂದರೆ ಪುಂಡಿ ನಾರು, ಅದನ್ನು ಜಜ್ಜಿ ಎಳೆ ಎಳೆ ಮಾಡಿಕೊಳ್ಳುತ್ತಾರೆ. ದೊಡ್ಡಮ್ಮ ಒಂದು ಗೆರೆ ಎಳೆಯುವಾಗ ಉಸಿರು ಹಿಡಿದಿರುತ್ತಿದ್ದರು, ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ. ಪಕ್ಕದಲ್ಲಿ ಇಬ್ಬರು ಹಾಡು ಹೇಳುತ್ತಿರಬೇಕು. ಜೋಗಿ ಜಡೆ, ಬಾಸಿಂಗ ಅಂತ ಒಂದೊಂದು ಕಟ್ಟಿಗೂ ಹೆಸರಿದೆ, ಎಲ್ಲಿ ಯಾವುದು ಬರಬೇಕು ಅನ್ನುವುದಕ್ಕೆ ಕ್ರಮ ಇದೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುಟ್ಟಿಯ ಮೇಲೂ ಬರೆಯುತ್ತಾರೆ, ಅದನ್ನು ನೀವು ನೋಡಿಯೇ ಇರುತ್ತೀರಿ.

ಬಸ್ ಸ್ಟಾಪಿನಲ್ಲಿ ಬರೆಯಬಾರದು ಅಂತ ಅಲ್ಲ. ಬರೆಯಲು ಬರುವವರಿಂದಲೇ ಬರೆಸಿ, ಕೂಲಿ ಕೊಡಿ. ಸಾಗರ, ಸೊರಬ ಕಡೆ ಬರೆಯುವ ಹೆಂಗಸರು ಈಗಲೂ ಇದ್ದಾರೆ, ನಿಮ್ಮೂರ ಪಕ್ಕದಲ್ಲೂ ದೀವರ ಮನೆಗಳು ಇರಬಹುದು, ಕೇಳಿ ನೋಡಿ. ಇಡೀ ಗೋಡೆ ಬೇಡ. ಕೆಂಪಿನ ಮೇಲಂಚಿಗೆ ಒಂದು ಅಡಿ ಅಗಲದ ಪಟ್ಟಿ ಸಾಕು, ಒಬ್ಬರು ಎರಡು ದಿನದಲ್ಲಿ ಮುಗಿಸಬಹುದು. ಇನ್ನೊಂದು, ಅಕ್ಕಿ ಹಿಟ್ಟಿನ ಬಿಳಿ ಹೊರಗಿನ ಇರಚಲಿಗೆ ನಿಲ್ಲುವುದಿಲ್ಲ. ಅದು ಮನೆಯೊಳಗಿನ ಗೋಡೆಯದ್ದು. ಹೊರಗೆ ಬರೆಯುವಾಗ ಅವರೇ ಬೇರೆ ಬಿಳಿ ಬಳಸುತ್ತಾರೆ, ಯಾವುದು ಅಂತ ಅವರೇ ಹೇಳಲಿ. ನಿಮ್ಮ 4 ಸಾವಿರದಲ್ಲಿ ಬಣ್ಣಕ್ಕೆ ಸಾವಿರದ ಐನೂರು ಸಾಕಾಗಬಹುದು, ಉಳಿದದ್ದರಲ್ಲಿ ದೊಡ್ಡ ಪಾಲು ಆ ಅಕ್ಕನ ಕೂಲಿಗೆ ಇಡಿ. ಹೆಂಗಸರ ಸಂಘದ ದುಡ್ಡು ಇನ್ನೊಬ್ಬ ಹೆಂಗಸಿನ ಕೈಕೆಲಸಕ್ಕೆ ಹೋದರೆ ಒಳ್ಳೆಯದೇ ಅಲ್ವಾ.

ಪೋಸ್ಟರ್ ಕಾಟಕ್ಕೆ ನಾವು ಮಾಡಿದ್ದು: ಒಂದು ಮೂಲೆಯಲ್ಲಿ ಹಳೇ ಬಾಗಿಲಿನ ಹಲಗೆ ಹೊಡೆಸಿ, ಅದಕ್ಕೆ ಕಪ್ಪು ಬಳಿದು, ಸೂಚನೆ ಇಲ್ಲಿ ಹಚ್ಚಿ ಅಂತ ಬರೆದೆವು. ಜಾಗ ಕೊಟ್ಟರೆ ಜನ ಅಲ್ಲೇ ಹಚ್ಚುತ್ತಾರೆ, ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಇನ್ನೊಂದು ಗೋಡೆಗೆ ನಮ್ಮ ನಲಿ-ಕಲಿ ತರಗತಿಯಲ್ಲಿ ಕಟ್ಟುವ ಚಪ್ಪರದ ಹಾಗೆ ಎರಡು ಸಾಲು ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ. ಮಕ್ಕಳು ಬರೆದ ಚಿತ್ರ ತೂಗಲಿ, ತಿಂಗಳಿಗೊಮ್ಮೆ ಬದಲಿಸಲಿ. ತಮ್ಮ ಚಿತ್ರ ಇರುವ ಕಡೆ ಯಾರಾದರೂ ಉಗುಳಿದರೆ ಮಕ್ಕಳೇ ಕೇಳುತ್ತಾರೆ. ನಮ್ಮೂರಲ್ಲಿ ಮೂರನೇ ಕ್ಲಾಸಿನ ಹುಡುಗಿ ಒಬ್ಬಳು ತನ್ನ ಅಜ್ಜನಿಗೇ ಹೇಳಿದ್ದಳು.

ಕೆಲಸ ಶುರು ಮಾಡುವ ಮೊದಲು ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಬಾಯಿ ಮಾತು ಸಾಲದು.

ಆಶಾ ಕಾರ್ಯಕರ್ತೆ, ಸೊರಬ

ನಿಮ್ಮ ಮೈದುನನಿಗೆ ಇದನ್ನು ಇವತ್ತೇ ಓದಿಸಿ. ಈಗ ಕಾಡಿಗೆ ಹೋಗಿ ಬಳ್ಳಿ, ಒಣಕೊಂಬೆ, ತರಗೆಲೆ, ಪಾಚಿ ಯಾವುದನ್ನೂ ತರುವುದು ಬೇಡ. ಮಂಗನ ಕಾಯಿಲೆಯ ಕಾಲ ಇದು, ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ. ಡಿಸೆಂಬರಿನಿಂದ ಮೇ ತನಕ ಉಣುಗು ಜಾಸ್ತಿ. ಈ ಕಾಯಿಲೆಯನ್ನು ಮೊದಲು ಕಂಡದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಮಂಗ ಸತ್ತು ಬಿದ್ದ ಜಾಗದ ಸುತ್ತ ಉಣುಗು ಉದುರಿರುತ್ತದೆ. ತರಗೆಲೆ ಜೊತೆ, ಸೊಪ್ಪಿನ ಜೊತೆ ಮನೆಗೆ ಬಂದುಬಿಡುತ್ತದೆ. ಅದರ ಮರಿಗಳು ಸಾಸಿವೆಗಿಂತ ಸಣ್ಣ, ಕಣ್ಣಿಗೇ ಬೀಳಲ್ಲ. ನಿಶ್ಚಿತಾರ್ಥದ ಮಂಟಪಕ್ಕೆ ಕಾಡಿನ ತರಗೆಲೆ ಹಾಸಿ ಅದರ ಮೇಲೆ ನೆಂಟರನ್ನು ಕೂರಿಸಿದರೆ ಏನಾಗಬಹುದು ಯೋಚನೆ ಮಾಡಿ. ದರಕು, ಅಂದರೆ ತರಗೆಲೆ, ತರಲು ಕಾಡಿಗೆ ಹೋಗಲೇಬೇಕಾದವರಿಗೆ ನಾವು ಮೈಕೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ ಅಂತ ಮನೆ ಮನೆಗೆ ಹೋಗಿ ಹೇಳುತ್ತೇವೆ. ಅಲಂಕಾರಕ್ಕೆ ಅಂತ ಹೋಗುವುದು ಖಂಡಿತ ಬೇಡ. ಜೊತೆಗೆ ಮೀಸಲು ಅರಣ್ಯದಿಂದ ಬೆತ್ತ, ಬಳ್ಳಿ ಕಡಿದು ತರುವುದು ಕಾನೂನಿಗೂ ವಿರುದ್ಧ.

ಮಂಟಪಕ್ಕೆ ನಿಮ್ಮ ತೋಟವೇ ಸಾಕಲ್ಲ. ಬಾಳೆಕಂಬ, ಮಾವಿನ ತೋರಣ, ತೆಂಗಿನ ಗರಿ ಹೆಣೆದ ತಟ್ಟಿ. ಒಂದೆರಡು ಅಡಿಕೆ ಸಿಂಗಾರ (ಹೂಗೊಂಚಲು) ಬಾಗಿಲ ಎರಡೂ ಕಡೆ. ಒಂದು ಸಿಂಗಾರ ಕಿತ್ತರೆ ಒಂದು ಗೊನೆ ಹೋದ ಹಾಗೆ, ಫಸಲು ಕಮ್ಮಿ ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಎರಡಕ್ಕಿಂತ ಜಾಸ್ತಿ ಬೇಡ.

ಬಸ್ ಸ್ಟಾಪಿನಲ್ಲಿ ಹಳೇ ಟೈರಿಗೆ ಬಣ್ಣ ಬಳಿದು ಗಿಡ ಇಡುವುದನ್ನು ಕೆಲವರು ಮಾಡುತ್ತಾರೆ. ಟೈರಿನ ಒಳ ಸುತ್ತಿನಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಆಗುತ್ತದೆ. ಅದರ ಬದಲು ಬಸ್ ಸ್ಟಾಪಿನ ಎರಡು ಪಕ್ಕಕ್ಕೆ ನೆಲದಲ್ಲೇ ಡೇರೆ (ಡೇಲಿಯಾ) ಹೂವಿನ ಗೆಡ್ಡೆ ಹಾಕಿ. ಮೊದಲ ಮಳೆ ಬಿದ್ದಾಗ ನೆಟ್ಟರೆ ಆಷಾಢ ಶ್ರಾವಣದ ಮಳೆಯಲ್ಲಿ ತಟ್ಟೆಯಗಲ ಹೂ ಬಿಡುತ್ತದೆ. ಗೆಡ್ಡೆಗೆ ದುಡ್ಡು ಕೊಡುವ ಮಾತೇ ಇಲ್ಲ, ಹತ್ತು ಮನೆಯವರು ಒಂದೊಂದು ಬಣ್ಣದ್ದು ತಂದರೆ ಹತ್ತು ಬಣ್ಣ ಆಯಿತು. ಗಿಡ ಬಾಗದ ಹಾಗೆ ಕೋಲು ಕಟ್ಟಿ. ಮಳೆಗಾಲ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದು ಯಾರಾದರೂ ಒಬ್ಬರು ಮನೆಯಲ್ಲಿ ಒಣ ಜಾಗದಲ್ಲಿ ಇಟ್ಟುಕೊಳ್ಳಬೇಕು, ಯಾರು ಅಂತ ಈಗಲೇ ಹೆಸರು ಬರೆದುಕೊಳ್ಳಿ.

ದುರ್ಗಿಗುಡಿ ಬಾಡಿಗೆ ಮನೆ

ನಾನು ಶಿವಮೊಗ್ಗದಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿರುವವಳು. ಗೋಡೆಗೆ ಮೊಳೆ ಹೊಡೆಯಲೂ ಓನರ್ ಬಿಡಲ್ಲ. ಹಾಗಾಗಿ ಗೋಡೆ ಮುಟ್ಟದೆ ಮನೆ ಬದಲಿಸುವುದು ಹೇಗೆ ಅನ್ನುವುದಷ್ಟೇ ನನಗೆ ಗೊತ್ತು.

ನಿಮ್ಮ ಅತ್ತೆಯವರ ಸೀರೆಗಳು ಇವೆಯಲ್ಲ, ಅದೇ ನಿಮ್ಮ ದೊಡ್ಡ ಆಸ್ತಿ. ಅಂಚು ಗಟ್ಟಿ ಇರುವ ಹತ್ತಿ ಸೀರೆಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿದರೆ ಒಂದು ಬಾಗಿಲಿಗೆ ಜೋಡಿ ಪರದೆ ಆಗುತ್ತದೆ. ಮೇಲ್ಗಡೆ ಮಡಚಿ ಹೊಲಿದು ಅದರೊಳಗೆ ಬಿದಿರು ಕೋಲು ತೂರಿಸಿ. ಬೇರೆ ಬೇರೆ ಬಣ್ಣದವು ಇದ್ದರೆ ಚೆಲ್ಲಾಪಿಲ್ಲಿ ಕಾಣುತ್ತದೆ. ಎರಡೇ ಬಣ್ಣ ಆರಿಸಿ, ಎಲ್ಲ ಬಾಗಿಲು ಕಿಟಕಿಗೂ ಅದೇ ಎರಡು. ಇದೊಂದನ್ನು ಪಾಲಿಸಿದರೆ ಮನೆಗೆ ಒಂದು ಹದ ಬರುತ್ತದೆ. ಹರಿದ ಸೀರೆಗಳ ಗಟ್ಟಿ ತುಂಡು ಜೋಡಿಸಿ ಜಗುಲಿ ಕಟ್ಟೆ ಮೇಲೆ ಹಾಸಲು ಕೌದಿ ಹೊಲಿಯಬಹುದು, ಆದರೆ ಅದಕ್ಕೆ ದಿನ ಬೇಕು, ಮೇ ಒಳಗೆ ಒಂದು ಮುಗಿದರೆ ಹೆಚ್ಚು. ಅತ್ತೆಯವರನ್ನು ಕೇಳಿ ಕತ್ತರಿ ಹಾಕಿ. ನಮ್ಮಮ್ಮನ ಒಂದು ಸೀರೆಗೆ ಕೇಳದೆ ಕತ್ತರಿ ಹಾಕಿದ್ದಕ್ಕೆ ಅವರು ಅತ್ತಿದ್ದು ನನಗೆ ಇವತ್ತಿಗೂ ಮರೆತಿಲ್ಲ, ಅದು ನಾನು ಹುಟ್ಟಿದಾಗ ಉಟ್ಟಿದ್ದಂತೆ.

ಬಲ್ಬ್ ನೋಡಿ ತೆಗೆದುಕೊಳ್ಳಿ. ಡಬ್ಬದ ಮೇಲೆ 6500ಕೆ ಅಂತ ಇದ್ದರೆ ಅದು ಆಸ್ಪತ್ರೆ ಹಾಗೆ ನೀಲಿ ಬಿಳಿ. 2700ಕೆ ಅಥವಾ 3000ಕೆ ಅಂತ ಇದ್ದರೆ ಹಳದಿ ಬೆಳಕು. ಕೆಮ್ಮಣ್ಣಿನ ಗೋಡೆ, ಹಿತ್ತಾಳೆ ಸಾಮಾನು, ಮರದ ಕಂಬ ಹಳದಿ ಬೆಳಕಿನಲ್ಲಿ ಎಷ್ಟು ಚಂದ ಕಾಣುತ್ತದೆ ಅಂದರೆ, ನಾಲ್ಕು ಬಲ್ಬ್ ಬದಲಿಸಿದ್ದಕ್ಕೆ ನಮ್ಮನೆಗೆ ಬಂದವರು ಪೇಂಟ್ ಮಾಡಿಸಿದ್ರಾ ಅಂತ ಕೇಳಿದ್ದರು.

ಹೊಸನಗರ ಕಡೆಯವಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೈದುನನಿಗೆ ಓದಿಸಿದೆ, ಕಾಡಿನ ಮಾತು ಬಿಟ್ಟ. ಉಣುಗಿನ ವಿಷಯ ಗೊತ್ತಿದ್ದೂ ಈ ಕಡೆ ಯೋಚಿಸಿಯೇ ಇರಲಿಲ್ಲ ಅಂದ. ಫೋಮ್ ಶೀಟ್ ಬೇಡ ಅಂತ ತಂಗಿಗೂ ಹೇಳಿದೆ.

ಪ್ಲಾಸ್ಟಿಕ್ ತುಂಡು ಮೂರು ಕಡೆ ಅಂಟಿಸಿದ್ದೇನೆ. ಇನ್ನು ಎರಡು ಪ್ರಶ್ನೆ ಉಳಿದಿವೆ. ನಡುಮನೆಯ ಕತ್ತಲೆಗೆ ಬಲ್ಬ್ ಬಿಟ್ಟು ಬೇರೆ ದಾರಿ ಇಲ್ವಾ? ಕಾವಿ ನೆಲಕ್ಕೆ ಏನು ಮಾಡಲಿ? ಅದರ ಮೇಲೆ ಟೈಲ್ಸ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ, ನನಗೆ ಮನಸ್ಸಿಲ್ಲ.

ಗಾರೆ ಕೆಲಸ, ತೀರ್ಥಹಳ್ಳಿ

ಮೊದಲು ಟೀಚರ್ ಅವರಿಗೆ. ನೀವು ಹೇಳಿದ್ದು ಸರಿ. ಮಕ್ಕಳು ಒರಗುವುದು ನನ್ನ ತಲೆಗೆ ಬರಲಿಲ್ಲ. ಕೆಳಗೆ ಸಿಮೆಂಟ್ ಪೇಂಟೇ ಆಗಲಿ.

ತಂಗಿ, ಟೈಲ್ಸ್ ಹಾಕಿಸಬೇಡಿ ಮಾರಾಯ್ರೆ. ಆ ಕಾವಿ ನೆಲ ಇವತ್ತು ಮಾಡಿಸುತ್ತೇನೆ ಅಂದರೂ ಆ ಕೈಕೆಲಸದವರು ಸಿಗುವುದು ಕಷ್ಟ. ಬಿಸಿನೀರು, ಸೀಗೆಪುಡಿ ಹಾಕಿ ತೆಂಗಿನ ಸಿಪ್ಪೆಯ ನಾರಿನಲ್ಲಿ ಉಜ್ಜಿ. ಆ್ಯಸಿಡ್ ಮಾತ್ರ ತಾಗಿಸಬೇಡಿ, ಬಣ್ಣವನ್ನೇ ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆ ಹಳೇ ಬನಿಯನ್ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ, ಹಿಂಡಿ, ತೆಳ್ಳಗೆ ಒರೆಸಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಮಾಡಿದರೆ ಹಳೇ ಹೊಳಪು ಮೇಲೆ ಬರುತ್ತದೆ. ಎಣ್ಣೆ ಉಳಿದರೆ ಜಾರುತ್ತದೆ, ಮನೆಯಲ್ಲಿ ಹಿರಿಯರಿದ್ದಾರೆ, ಜೋಪಾನ. ಕಾರ್ಯದ ಹಿಂದಿನ ದಿನ ಎಣ್ಣೆ ಹಚ್ಚಲೇಬೇಡಿ.

ಕತ್ತಲೆಗೆ ಗಾಜಿನ ಹೆಂಚು. ನಡುಮನೆಯ ಮೇಲೆ ಮುಚ್ಚಿಗೆ ಇಲ್ಲದೆ ನೇರ ಹೆಂಚೇ ಇದ್ದರೆ ಮೂರು ಮಣ್ಣಿನ ಹೆಂಚು ತೆಗೆದು ಆ ಜಾಗಕ್ಕೆ ಗಾಜಿನದು ಕೂರಿಸಿ. ಒಂದಕ್ಕೆ ಕೆಲವು ನೂರು ರೂಪಾಯಿ, ಆದರೆ ಮನೆಯೊಳಗೆ ಆಗುವ ಬದಲಾವಣೆ ಬೇರೆ ಯಾವುದರಿಂದಲೂ ಆಗಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲಿನ ಕೋಲು ನೇರ ನೆಲಕ್ಕೆ ಬೀಳುತ್ತದೆ. ಮೂರನ್ನೂ ಒಂದೇ ಕಡೆ ಹಾಕಬೇಡಿ, ಬಿಡಿ ಬಿಡಿಯಾಗಿ ಹಾಕಿದರೆ ಬೆಳಕು ಹರಡುತ್ತದೆ. ಉತ್ತರದ ಇಳಿಜಾರಿಗೆ ಹಾಕಿದರೆ ಬಿಸಿ ಕಮ್ಮಿ.

ಇಲ್ಲೊಂದು ಮುಖ್ಯ ವಿಷಯ ಇದೆ. ಒಂದು ಕಾರ್ಖಾನೆಯ ಹೆಂಚಿನ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಕೂಡುವ ಗೀರು ಕೂದಲೆಳೆ ಆಚೀಚೆ ಆದರೂ ಮಳೆಗಾಲಕ್ಕೆ ಸೋರುತ್ತದೆ. ಅದಕ್ಕೆ ನಿಮ್ಮ ಮನೆಯ ಒಂದು ಹೆಂಚು ತೆಗೆದು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಹೆಂಚಿನ ಹಿಂದೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಅದನ್ನೂ ತೋರಿಸಿ. ಗಾಜಿನ ಹೆಂಚನ್ನು ಅದರ ಮೇಲೆ ಕೂರಿಸಿ ನೋಡಿಯೇ ತೆಗೆದುಕೊಳ್ಳಿ. ಹತ್ತುವವರು ಹೆಂಚಿನ ಮೇಲೆ ಕಾಲಿಡಬಾರದು, ಪಕಾಸಿಯ, ಅಂದರೆ ಹೆಂಚಿನ ಕೆಳಗಿನ ಇಳಿಜಾರು ಮರದ, ಸಾಲಿಗೆ ಹಲಗೆ ಹಾಕಿಕೊಂಡು ಅದರ ಮೇಲೆ ಕೂರಬೇಕು. ಮೈದುನನಿಗೆ ಅಭ್ಯಾಸ ಇಲ್ಲದಿದ್ದರೆ ಹೆಂಚು ಹೊದಿಸುವವರನ್ನೇ ಅರ್ಧ ದಿನಕ್ಕೆ ಕರೆಯಿರಿ, ಇಲ್ಲಿ ದುಡ್ಡು ಉಳಿಸಬೇಡಿ. ಹತ್ತಿದವರ ಕೈಲೇ ಒಡೆದ ಹೆಂಚನ್ನೂ ಬದಲಿಸಿ, ಕಸ ಗುಡಿಸಿ.

ಆ ಅಡಿಕೆ ದಬ್ಬೆ ಚೆನ್ನಾಗಿ ಒಣಗಿದ್ದರೆ ಜಗುಲಿಯ ಒಂದು ತುದಿಗೆ ತಟ್ಟಿ ಕಟ್ಟಿ, ಪಂಪು, ಗೊಬ್ಬರದ ಚೀಲ ಏನಿದೆಯೋ ಎಲ್ಲ ಅದರ ಹಿಂದೆ ಹೋಗಲಿ. ಸಿಬಿರು ಚುಚ್ಚುತ್ತದೆ, ಉಜ್ಜು ಕಾಗದ ಹಾಕಿ ನಯ ಮಾಡಿ. ಹುಳ ಹಿಡಿಯದ ಹಾಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವ ವಾಡಿಕೆ ಇದೆ, ಆದರೆ ಅದು ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಮದುವೆ ಮನೆ ಹೆಣ್ಣುಮಗಳು ಅದರ ಹತ್ತಿರ ಹೋಗುವುದೇ ಬೇಡ. ಹಂಡೆಗಳ ತೂತು ಮುಚ್ಚಿಸಬೇಡಿ, ನೀರು ಬಸಿಯಲು ಅದೇ ಬೇಕು. ಮಣ್ಣು ತುಂಬಿಸಿ ಕ್ರೋಟನ್ ನೆಟ್ಟು ಮೆಟ್ಟಿಲ ಎರಡೂ ಪಕ್ಕ ಇಡಿ.

ಹೊಸನಗರ ಕಡೆಯವಳು

ಪ್ಲಾಸ್ಟಿಕ್ ತುಂಡು ಇವತ್ತು ತೆಗೆದೆ ಅಣ್ಣ. ಮೂರರಲ್ಲಿ ಎರಡರ ಗೋಡೆ ಕಡೆ ಹನಿ ಕೂತಿತ್ತು, ಎರಡೂ ಅಂಗಳದ ಕಡೆಯ ಗೋಡೆಯವು. ನೀವು ಹೇಳಿದ ಹಾಗೇ ಮಣ್ಣು ಜಗುಲಿಯ ಬುಡಕ್ಕಿಂತ ಮೇಲೆ ಬಂದಿದೆ. ಗಂಡ ಮತ್ತು ಮೈದುನ ಗುದ್ದಲಿ ಹಿಡಿದು ಅರ್ಧ ಮುಗಿಸಿದ್ದಾರೆ. ಅಗೆಯುವಾಗ ಹಳೇ ಕಲ್ಲಿನ ಚರಂಡಿ ಒಂದು ಸಿಕ್ಕಿತು, ಮಾವನವರಿಗೂ ಅದು ಅಲ್ಲಿತ್ತು ಅನ್ನುವುದು ಮರೆತುಹೋಗಿತ್ತಂತೆ. ಅದನ್ನೇ ಬಿಡಿಸಿ ನೀರು ತೋಟಕ್ಕೆ ಹೋಗುವ ಹಾಗೆ ಮಾಡುತ್ತಿದ್ದಾರೆ.

ಸೀರೆ ಟ್ರಂಕ್ ಅತ್ತೆಯವರ ಜೊತೆ ಕೂತು ತೆಗೆದೆ. ಒಂದೊಂದರ ಕಥೆ ಹೇಳಿ ಅವರೇ ಹನ್ನೊಂದು ಬೇರೆ ಇಟ್ಟುಕೊಂಡರು, ಒಂಬತ್ತು ಕೊಟ್ಟರು. ಹಸಿರು ಮತ್ತು ಅರಿಶಿನ ಬಣ್ಣ ಆರಿಸಿದ್ದೇವೆ. ಬಸ್ ಸ್ಟಾಪಿಗೆ ಪಂಚಾಯಿತಿ ಅರ್ಜಿ ಬರೆದಾಯಿತು. ಸಂಘದಲ್ಲಿ ವಿಚಾ‍ರಿಸಿದಾಗ ಗೊತ್ತಾಯಿತು, ನಮ್ಮ ಸಂಘದ ಸದಸ್ಯೆ ಒಬ್ಬರ ತಾಯಿ ಚಿತ್ತಾರ ಬರೆಯುತ್ತಾರಂತೆ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೂ ನಾವು ಕೇಳಿರಲಿಲ್ಲ. ಹುಣ್ಣಿಮೆ ಕಳೆದ ಮೇಲೆ ಬಂದು ಗೋಡೆ ನೋಡುತ್ತೇನೆ, ಹಾಡಲು ಇಬ್ಬರನ್ನು ಕರೆತರುತ್ತೇನೆ, ನೀವು ಕೆಂಪು ಬಳಿದಿಡಿ ಅಂದಿದ್ದಾರೆ.

ಶನಿವಾರ ಹೆಂಚು ಚೀಲದಲ್ಲಿ ಹಾಕಿಕೊಂಡು ಪೇಟೆಗೆ ಹೋಗುತ್ತೇನೆ. ಹತ್ತು ಅಡಿ ಎತ್ತರದ, ಇಪ್ಪತ್ತೈದು ಅಡಿ ಉದ್ದದ ಗೋಡೆಗೆ ಮೂರು ಕೋಟ್ ಅಂದರೆ ಎಷ್ಟು ಕೆಜಿ ಸುಣ್ಣ ತರಲಿ?

ಗಾರೆ ಕೆಲಸ, ತೀರ್ಥಹಳ್ಳಿ

ಗಟ್ಟಿ ಸುಣ್ಣ 15 ಕೆಜಿ ತನ್ನಿ, ಗಾರೆ ಮೆತ್ತುವುದಕ್ಕೂ ಸೇರಿ. ಉಳಿದರೆ ಮೇಲೆ ನೀರು ನಿಲ್ಲಿಸಿ ಡ್ರಮ್ಮಿನಲ್ಲೇ ಮುಚ್ಚಿಡಿ, ಕೆಡುವುದಿಲ್ಲ, ಬಸ್ ಸ್ಟಾಪಿನ ಚಾವಣಿಗೆ ಅದೇ ಆಗುತ್ತದೆ. ಚರಂಡಿಯ ಕಲ್ಲು ಒಂದೂ ಕೀಳಬೇಡಿ. ಅದರ ಇಳಿಜಾರು ಯಾವ ಕಡೆ ಇದೆ ಅಂತ ಒಂದು ಕೊಡ ನೀರು ಸುರಿದು ನೋಡಿ ಹೇಳಿ.